ಜಪಸರದಲ್ಲಿ ನಡೆದ ಜಗಳ

ನಮ್ಮ ಮನೆಯಲ್ಲಿ ಪಪ್ಪ ಮಮ್ಮಿ ಎದುರೆದುರು ನಿಂತು ಜಗಳವಾಡಿದ್ದನ್ನು ನಾನು ಕಂಡವಳಲ್ಲ. ಅವರ ಜಗಳವೆಲ್ಲ ಮಾತೆ ಮರಿಯಮ್ಮನ ಮೂಲಕ ನಡೆಯುತ್ತಿತ್ತು. ಸಂಜೆ ಊಟಕ್ಕೆ ಮೊದಲು ಟಿವಿ ಆರಿಸಿ, ಹಾಲ್‌ನ ಮೂಲೆಯಲ್ಲಿದ್ದ ಮಾತೆಯ ಪೀಠದ ಮುಂದೆ ಮನೆಮಂದಿಯೆಲ್ಲ ಮಂಡಿಯೂರಿ, ಮಣಿಸರ ಎಣಿಸುತ್ತ ಜಪಸರ ಹೇಳುವುದು ಪದ್ಧತಿ. ಜಪಸರಕ್ಕೆ ಐದು ಭಾಗ. ಒಂದೊಂದನ್ನೂ ರಹಸ್ಯ ಎನ್ನುತ್ತೇವೆ. ಒಂದು ರಹಸ್ಯವನ್ನು ಒಬ್ಬರು ಹೇಳಿಸಬೇಕು, ಉಳಿದವರು ದನಿಗೂಡಿಸಬೇಕು. ಹೇಳಿಸುವವರು ಶುರುಮಾಡುವ ಮೊದಲು, ಅದನ್ನು ಯಾವ ಕೋರಿಕೆಗಾಗಿ ಒಪ್ಪಿಸುತ್ತಿದ್ದೇವೆ ಎಂದು ಎಲ್ಲರಿಗೂ ಕೇಳಿಸುವಂತೆ ಹೇಳಬೇಕು. ಬೇರೆ ಮನೆಗಳಲ್ಲಿ ಕಾಯಿಲೆಯವರಿಗಾಗಿ, ತೀರಿಕೊಂಡವರಿಗಾಗಿ, ಪರೀಕ್ಷೆ ಬರೆಯುವ ಮಕ್ಕಳಿಗಾಗಿ ಒಪ್ಪಿಸುತ್ತಾರೆ. ನಮ್ಮಲ್ಲೂ ಹಾಗೆಯೇ ಶುರುವಾಗುತ್ತಿತ್ತು, ಆಮೇಲೆ ದಾರಿ ತಪ್ಪುತ್ತಿತ್ತು.

"ಈ ರಹಸ್ಯವನ್ನು," ಎನ್ನುತ್ತಿದ್ದರು ಪಪ್ಪ, ಕಣ್ಣು ಮುಚ್ಚಿಕೊಂಡೇ, "ಕುಚ್ಚಲಕ್ಕಿ ಅನ್ನದ ರುಚಿ ಎಂತದ್ದು ಅಂತ ಗೊತ್ತಿಲ್ಲದವರ ಮನಸ್ಸು ದೇವರು ತೆರೆಯಲಿ ಅಂತ ಒಪ್ಪಿಸ್ತೇನೆ."

ಮುಂದಿನ ಸರದಿ ಮಮ್ಮಿಯದು.

"ಈ ರಹಸ್ಯವನ್ನು, ಇಡೀ ದಿನ ವಾರ್ಡಲ್ಲಿ ನಿಂತು, ಮನೆಗೆ ಬಂದು ಒಲೆ ಮುಂದೇನೂ ನಿಂತ್ಕೊಳ್ಳೋ ಹೆಂಗಸ್ರ ಕಾಲುನೋವಿಗೋಸ್ಕರ ಒಪ್ಪಿಸ್ತೀನಿ. ಕೂತ್ಕೊಂಡು ತಿನ್ನೋವ್ರಿಗೂ ದೇವರು ಒಳ್ಳೇದು ಮಾಡ್ಲಿ."

ನಾನು ಅರೆಗಣ್ಣು ತೆರೆದು ಇಬ್ಬರ ಮುಖವನ್ನೂ ನೋಡುತ್ತಿದ್ದೆ. ಯಾರ ಮುಖದಲ್ಲೂ ಸಿಟ್ಟಿಲ್ಲ. ಮೇಣದ ಬತ್ತಿಯ ಬೆಳಕಿನಲ್ಲಿ ಇಬ್ಬರೂ ಸಂತರ ಪಟದಲ್ಲಿದ್ದವರ ಹಾಗೆ ಕಾಣುತ್ತಿದ್ದರು. ಇದು ಪ್ರಾರ್ಥನೆಯೋ ಜಗಳವೋ? ಜಗಳವಾದರೆ ನಾನು ಯಾರ ಕಡೆ? ಪ್ರಾರ್ಥನೆಯಾದರೆ ಇಬ್ಬರಿಗೂ ಆಮೆನ್ ಅಂದೆನಲ್ಲ, ದೇವರು ಯಾವ ಆಮೆನ್ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾನೆ? ಪಾದ್ರಿಯವರನ್ನು ಕೇಳೋಣವೆಂದರೆ ಮನೆಯ ವಿಷಯ ಹೊರಗೆ ಹೋಗುತ್ತದೆ. ಹಾಗಾಗಿ ತಲೆ ಕೆಡಿಸಿಕೊಂಡೇ ಬೆಳೆದೆ. ಇನ್ನೊಂದು ಅನ್ಯಾಯವೂ ಇತ್ತು. ರಹಸ್ಯ ಐದು, ನಾವು ನಾಲ್ಕು ಜನ. ಕೊನೆಯದು ಮನೆಯ ಯಜಮಾನನದು. ಅಂದರೆ ಪಪ್ಪನಿಗೆ ಎರಡು ಸರದಿ, ಕೊನೆಯ ಮಾತೂ ಅವರದೇ. ಮಮ್ಮಿ ಬಿಡುವವರಲ್ಲ. ಎಲ್ಲ ಮುಗಿದು ಜಪಸರ ಡಬ್ಬಿಗೆ ಹಾಕುವಾಗ, ತೀರಿಹೋದ ತಮ್ಮ ಮಾವನ, ಅಂದರೆ ಪಪ್ಪನ ಅಪ್ಪನ, ಆತ್ಮಕ್ಕೆಂದು ಇನ್ನೊಂದು ಪ್ರಾರ್ಥನೆ ಸೇರಿಸಿ, "ಅವ್ರು ಎಲ್ಲಿದ್ರೂ ಅಲ್ಲಿಂದಲೇ ಮಗನಿಗೆ ಸ್ವಲ್ಪ ಬುದ್ಧಿ ಹೇಳ್ಲಿ" ಎಂದು ಎದ್ದುಬಿಡುತ್ತಿದ್ದರು.

ಪಪ್ಪ ಮಂಗಳೂರು ಕಡೆಯವರು, ಅಲ್ಲಿಯ ಕೋರ್ಟಿನಲ್ಲಿ ಕೆಲವು ವರ್ಷ ವಕೀಲಿಕೆ ಮಾಡಿ ಮಸ್ಕತ್ತಿನ ಕಂಪನಿಯೊಂದಕ್ಕೆ ಹೋದವರು. ಮಮ್ಮಿ ಮೈಸೂರಿನವರು, ನರ್ಸ್. ಇಬ್ಬರೂ ಪರಿಚಯವಾದದ್ದು ಮಸ್ಕತ್ತಿನ ಚರ್ಚಿನಲ್ಲಿ. ಮಮ್ಮಿಗೆ ಕೊಂಕಣಿ ಬಾರದು, ಕಲಿಯುವ ಆಸೆಯೂ ಇರಲಿಲ್ಲ. ಹಾಗಾಗಿ ಮನೆಯ ಭಾಷೆ ಕನ್ನಡವಾಯಿತು, ಅದರಲ್ಲೂ ಎರಡು ಥರದ ಕನ್ನಡ. ನಾನು ಹುಟ್ಟಿದ್ದು ಅಲ್ಲೇ. ಪರ್ತ್‌ಗೆ ಬಂದ ಮೇಲೆ ತಂಗಿ ಪ್ರೀತಾ ಹುಟ್ಟಿದಳು. ಅವಳಿಗೆ ಕನ್ನಡ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಮಾತು ಕಲಿತ ಮೇಲೆ ಅವಳಿಗೂ ಒಂದು ರಹಸ್ಯ ಸಿಕ್ಕಿತು. ಅವಳ ಕೋರಿಕೆ ಸಾಮಾನ್ಯವಾಗಿ ನಾಯಿಮರಿ. ಒಂದು ಸಂಜೆ ಮಾತ್ರ, "ಫಾರ್ ಮಮ್ ಆ್ಯಂಡ್ ಡ್ಯಾಡ್ ಟು ಸ್ಟಾಪ್ ಬೀಯಿಂಗ್ ವಿಯರ್ಡ್" ಎಂದುಬಿಟ್ಟಳು. ಪಪ್ಪ ಕೆಮ್ಮಿದರು. ಮಮ್ಮಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡದ್ದು ನಗುವಿಗೋ ಅವಮಾನಕ್ಕೋ ನನಗೆ ತಿಳಿಯಲಿಲ್ಲ.

ಪರ್ತ್‌ನಲ್ಲಿ ನಾವಿದ್ದದ್ದು ಎಲೆನ್‌ಬ್ರೂಕ್‌ನಲ್ಲಿ. ಆಗಿನ್ನೂ ಆ ಬಡಾವಣೆ ಏಳುತ್ತಿತ್ತು. ನಮ್ಮ ಬೀದಿಯಲ್ಲಿ ಮನೆಗಳಿಗಿಂತ ಖಾಲಿ ನಿವೇಶನಗಳೇ ಹೆಚ್ಚು. ಮಧ್ಯಾಹ್ನದ ಗಾಳಿಗೆ ಮರಳು ಕಿಟಕಿ ಸಂದಿನಿಂದ ಒಳಗೆ ಬಂದು ಪೀಠದ ಮೇಲೆ, ಹಾಸಿಗೆಯ ಮೇಲೆ, ಒಮ್ಮೊಮ್ಮೆ ಅನ್ನದಲ್ಲೂ ಕೂರುತ್ತಿತ್ತು. ಹಾಲ್‌ನಲ್ಲಿ ಸಾಮಾನು ಕಡಿಮೆಯಾದ್ದರಿಂದ ಜಪಸರದ ದನಿ ಗೋಡೆಗೆ ತಾಗಿ ಹಿಂದಿರುಗುತ್ತಿತ್ತು. ಶನಿವಾರ ಮಮ್ಮಿ ಸಾಂಬ್ರಾಣಿ ಹಾಕಿದರೆ ಹೊಗೆಯ ಅಲಾರಾಂ ಹೊಡೆದುಕೊಂಡು, ಪಪ್ಪ ಕುರ್ಚಿ ಹತ್ತಿ ಟವೆಲ್ ಬೀಸಬೇಕು. ಅಡುಗೆಮನೆಯಲ್ಲಿ ಎರಡು ಕುಕ್ಕರ್: ಒಂದರಲ್ಲಿ ಪಪ್ಪನ ಕುಚ್ಚಲಕ್ಕಿ, ಇನ್ನೊಂದರಲ್ಲಿ ಮಮ್ಮಿಯ ಬೆಳ್ತಿಗೆ, ಅಂದರೆ ಬಿಳಿ ಅಕ್ಕಿ. ಪಪ್ಪ ಆಗ ಒಂದು ಸರ್ವೋದಲ್ಲಿ, ಅಂದರೆ ಪೆಟ್ರೋಲ್ ಬಂಕಿನಲ್ಲಿ, ಕೆಲಸ ಮಾಡುತ್ತಿದ್ದರು. ಊರಿನ ವಕೀಲಿಕೆ ಇಲ್ಲಿ ನಡೆಯುವುದಿಲ್ಲ, ಮತ್ತೆ ಓದಬೇಕು. ಅವರ ಕರಿ ಕೋಟು ಬೀರುವಿನಲ್ಲಿ ನುಸಿಗುಳಿಗೆಯ ವಾಸನೆಯಲ್ಲಿ ನೇತಾಡುತ್ತಿತ್ತು. ನಾನು ಅದರ ತೋಳಿನೊಳಗೆ ಕೈ ಹಾಕಿ ಕನ್ನಡಿಯ ಮುಂದೆ ನಿಲ್ಲುತ್ತಿದ್ದೆ. ಪಪ್ಪ ಬೈಯುತ್ತಿರಲಿಲ್ಲ, ನೋಡುತ್ತಲೂ ಇರಲಿಲ್ಲ.

ಆಮೇಲೆ ಬ್ರಿಸ್ಬೇನ್‌ನಲ್ಲಿ ಪಪ್ಪನಿಗೆ ಓದಲು ಸೀಟು ಸಿಕ್ಕಿತು. ಕೆಲವು ಪೇಪರ್ ಮುಗಿಸಿದರೆ ಮತ್ತೆ ವಕೀಲರಾಗಬಹುದು. ನಾವೆಲ್ಲ ಅಲ್ಲಿಗೆ ಹೊರಟೆವು. ಅಲ್ಲಿಯದು ಕಂಬಗಳ ಮೇಲೆ ನಿಂತ ಹಳೆಯ ಮರದ ಮನೆ. ಕೆಳಗಿನ ಖಾಲಿ ಜಾಗದಲ್ಲಿ ಪಪ್ಪ ಮೇಜು ಹಾಕಿಕೊಂಡು ಓದುತ್ತಿದ್ದರು. ಮೇಲೆ ನಾವು ನಡೆದರೆ ಹಲಗೆ ಕಿರುಗುಟ್ಟಿ ಅವರು ಪೊರಕೆ ಹಿಡಿಯಿಂದ ತಟ್ಟುತ್ತಿದ್ದರು. ಸೆಕೆಗೆ ಕರಿ ಕೋಟಿಗೆ ಬೂಷ್ಟು ಹಿಡಿಯಿತು, ಮಮ್ಮಿ ಅದನ್ನು ಬಿಸಿಲಿಗೆ ಹಾಕಿ, ಒರೆಸಿ, ಇಸ್ತ್ರಿ ಮಾಡಿದರು. ಆ ದಿನಗಳ ಜಪಸರ ನನಗೆ ಇಷ್ಟ. ಪಪ್ಪ ಅಡುಗೆಯ ಮೇಲೆ ದೂರು ಕೊಡುವುದನ್ನೇ ನಿಲ್ಲಿಸಿದ್ದರು. ನಾವು ಸುಖವಾಗಿದ್ದೇವೆ ಎಂದು ನಾನು ನಂಬಿದ್ದೆ, ಈಗಲೂ ನಂಬುತ್ತೇನೆ.

ಅಷ್ಟರಲ್ಲಿ ಅಡಿಲೇಡ್‌ನ ಬೆಡ್‌ಫರ್ಡ್ ಪಾರ್ಕ್‌ನ ದೊಡ್ಡ ಆಸ್ಪತ್ರೆಯಿಂದ ಮಮ್ಮಿಗೆ ಕಾಯಂ ಕೆಲಸಕ್ಕೆ ಕರೆ ಬಂತು. ಬ್ರಿಸ್ಬೇನ್‌ನಲ್ಲಿ ಅವರದು ಇವತ್ತು ಇದೆ, ನಾಳೆ ಇಲ್ಲ ಎಂಬಂಥ ಕೆಲಸ. ಹೋಗುವುದೋ ಬಿಡುವುದೋ? ಬೇರೆ ಯಾವ ಮನೆಯಲ್ಲಾದರೂ ಗಂಡ ಹೆಂಡತಿ ಕಾಫಿ ಹಿಡಿದು ಕೂತು ಮಾತಾಡುತ್ತಿದ್ದರು. ನಮ್ಮ ಮನೆಯಲ್ಲಿ ವಿಷಯ ನೇರವಾಗಿ ಪೀಠಕ್ಕೆ ಹೋಯಿತು.

"ಈ ರಹಸ್ಯವನ್ನು, ಲಿಲ್ಲಿಯ ಆ ಅಡಿಲೇಡಿನ ಕೆಲಸದ ವಿಷಯ ದೇವರ ಚಿತ್ತದ ಹಾಗೇ ಆಗಲಿ ಅಂತ ಒಪ್ಪಿಸ್ತೇನೆ," ಎಂದರು ಪಪ್ಪ.

"ಈ ರಹಸ್ಯವನ್ನು, ಇವ್ರ ಓದಿಗೆ ಯಾವ ಅಡ್ಡಿನೂ ಬರ್ದೆ ಇರ್ಲಿ ಅಂತ ಒಪ್ಪಿಸ್ತೀನಿ," ಎಂದರು ಮಮ್ಮಿ.

ಹಲವು ಸಂಜೆ ಹೀಗೇ ನಡೆಯಿತು. ನನಗೆ ಹಗುರವಾಯಿತು: ಒಬ್ಬರಿಗೋಸ್ಕರ ಇನ್ನೊಬ್ಬರು ಬೇಡುತ್ತಿದ್ದಾರಲ್ಲ. ಅವರಿಗೂ ಹಗುರವಾಗಿತ್ತು ಎಂದು ಆಮೇಲೆ ಗೊತ್ತಾಯಿತು. ಪಪ್ಪ ಒಪ್ಪಿಬಿಟ್ಟರು ಎಂದು ಮಮ್ಮಿ ತಿಳಿದರು. ಉಳಿದ ಪೇಪರ್‌ಗಳನ್ನು ಅವರು ಅಡಿಲೇಡ್‌ನಲ್ಲೇ ಮುಗಿಸುತ್ತಾರೆ ಎಂದುಕೊಂಡರು. ಹೆಂಡತಿ ಬಿಟ್ಟುಕೊಟ್ಟಳು ಎಂದು ಪಪ್ಪ ತಿಳಿದರು. ಓದಿಗೆ ಅಡ್ಡಿ ಬಾರದಿರಲಿ ಎಂದರೆ ಬ್ರಿಸ್ಬೇನ್‌ನಲ್ಲೇ ಇರೋಣ ಎಂದಲ್ಲದೆ ಇನ್ನೇನು? ಒಂದು ಭಾನುವಾರ ಚರ್ಚಿನ ಪೂಜೆ ಮುಗಿಸಿ ಬಂದು ಹಂದಿಮಾಂಸದ ಬಫಾತ್ ಸಾರು, ಇಡ್ಲಿಯಂಥ ಸಣ್ಣದ ಊಟಕ್ಕೆ ಕೂತಿದ್ದೆವು. ಮಮ್ಮಿ ಖುಷಿಯಲ್ಲಿ, ತಾನು ಅಡಿಲೇಡ್‌ಗೆ ಒಪ್ಪಿಗೆ ಕಳಿಸಿಯಾಯಿತು ಎಂದರು. ಪಪ್ಪ ಕೈಯಲ್ಲಿದ್ದ ಸಣ್ಣವನ್ನು ತಟ್ಟೆಗೆ ಇಟ್ಟರು.

"ಈ ಮನೆಯನ್ನು ಮತ್ತೊಂದು ವರ್ಷಕ್ಕೆ ಬಾಡಿಗೆಗೆ ಹಿಡಿದಾಯ್ತಲ್ಲ ನಾನು. ಮೊನ್ನೆಯೇ."

"ನೀವು ದೇವರ ಚಿತ್ತ ಅಂದ್ರಲ್ರೀ."

"ನೀನು ಓದಿಗೆ ಅಡ್ಡಿ ಬರಬಾರ್ದು ಅಂದದ್ದು ಯಾರಿಗೆ ಮತ್ತೆ?"

ಅವರು ಜೀವಮಾನದಲ್ಲಿ ನೇರವಾಗಿ ಜಗಳವಾಡಲು ಹೊರಟದ್ದು ಅದೊಂದೇ ಸಲ. ಆದರೆ ಅಭ್ಯಾಸವಿಲ್ಲದ್ದರಿಂದ ಮುಂದುವರಿಸಲು ಬರಲಿಲ್ಲ. ಪ್ರೀತಾ ಇನ್ನೊಂದು ಸಣ್ಣ ಕೇಳಿದಳು, ಇಬ್ಬರೂ ಒಟ್ಟಿಗೇ ಬಡಿಸಿದರು.

ಕೊನೆಗೆ ಮಮ್ಮಿ, ನಾನು, ಪ್ರೀತಾ ಅಡಿಲೇಡ್‌ಗೆ ಬಂದೆವು. ಪಪ್ಪ ಬ್ರಿಸ್ಬೇನ್‌ನಲ್ಲಿ ಉಳಿದರು. ಓದು ಮುಗಿಯುವವರೆಗೆ ಎಂದು ಹೇಳಿದರು, ಮುಗಿದ ಮೇಲೆ ಏನು ಎಂದು ಯಾರೂ ಹೇಳಲಿಲ್ಲ. ಅಲ್ಲಿ ವಕೀಲರಾದವರು ಅಲ್ಲಿಯ ಕೋರ್ಟು ಬಿಟ್ಟು ಬರುತ್ತಾರೆಯೇ? ಮಮ್ಮಿ ಈ ಕೆಲಸ ಬಿಟ್ಟು ಹೋಗುತ್ತಾರೆಯೇ? ಶಾಲೆಯಲ್ಲಿ ಗೆಳತಿಯೊಬ್ಬಳು ತನ್ನ ಅಪ್ಪ ಅಮ್ಮ ಬೇರೆ ಬೇರೆ ಊರಿನಲ್ಲಿದ್ದಾರೆ, ಡಿವೋರ್ಸ್ ಆಗಿದೆ ಎಂದಳು. ನಮ್ಮಲ್ಲಿ ಹಾಗೇನಿಲ್ಲ ಎಂದೆ. ಹಾಗಾದರೆ ಏನು ಎಂದು ಕೇಳಿದಳು. ಮನೆ ಒಡೆಯುತ್ತಿದೆಯೋ ಇಲ್ಲವೋ ಎಂಬುದನ್ನು ಮನೆಯ ಮಕ್ಕಳಿಗೆ ಯಾರಾದರೂ ಹೇಳಬೇಕು. ನಮಗೆ ಯಾರೂ ಹೇಳಲಿಲ್ಲ.

ಆಸ್ಪತ್ರೆಯ ಹತ್ತಿರದ ಸಣ್ಣ ಬಾಡಿಗೆ ಮನೆ. ಪೀಠಕ್ಕೆ ಜಾಗವಿಲ್ಲದೆ ಮರಿಯಮ್ಮನನ್ನು ಫ್ರಿಜ್ಜಿನ ಮೇಲೆ ಕೂರಿಸಿದ್ದೆವು. ಸಂಜೆಯ ಜಪಸರ ಫೋನಿನಲ್ಲಿ. ಫೋನನ್ನು ಸ್ಪೀಕರ್‌ಗೆ ಹಾಕಿ ನೆಲದ ಮೇಲಿಟ್ಟರೆ ಬ್ರಿಸ್ಬೇನ್‌ನಿಂದ ಪಪ್ಪನ ದನಿ ಬರುತ್ತಿತ್ತು. ಅದರಲ್ಲೂ ಗೊಂದಲ. ಅಡಿಲೇಡ್ ಬ್ರಿಸ್ಬೇನ್‌ಗಿಂತ ಅರ್ಧ ಗಂಟೆ ಹಿಂದೆ. ಬೇಸಿಗೆ ಬಂದಾಗ ನಮ್ಮಲ್ಲಿ ಗಡಿಯಾರ ಮುಂದೆ ತಿರುಗಿಸುತ್ತಾರೆ, ಅಲ್ಲಿ ತಿರುಗಿಸುವುದಿಲ್ಲ. ಆಗ ನಾವು ಅರ್ಧ ಗಂಟೆ ಮುಂದೆ. ಗಡಿಯಾರ ತಿರುಗಿಸಿದ ವಾರವಿಡೀ ನಾವು ಕಾಯುವಾಗ ಪಪ್ಪ ಇರುತ್ತಿರಲಿಲ್ಲ, ಪಪ್ಪ ಫೋನ್ ಮಾಡುವಾಗ ನಾವು ಊಟಕ್ಕೆ ಕೂತಿರುತ್ತಿದ್ದೆವು. ಕೋರಿಕೆಗಳೂ ಬದಲಾದವು. ಇಬ್ಬರೂ ಈಗ ಜಗತ್ತಿನ ಶಾಂತಿಗಾಗಿ, ಅನಾಥರಿಗಾಗಿ, ಪೋಪರ ಆರೋಗ್ಯಕ್ಕಾಗಿ ಒಪ್ಪಿಸುತ್ತಿದ್ದರು. ಕುಚ್ಚಲಕ್ಕಿಯ ಸುದ್ದಿಯೇ ಇಲ್ಲ. ಅವರು ಜಗಳವನ್ನೂ ಬಿಟ್ಟದ್ದು ಕಂಡು ನನಗೆ ನಿಜವಾದ ಹೆದರಿಕೆ ಹುಟ್ಟಿತು.

ಒಂದು ಸಂಜೆ ಮಮ್ಮಿಗೆ ಡ್ಯೂಟಿ ಇತ್ತು. ಹೋಗುವಾಗ, ಜಪಸರ ತಪ್ಪಿಸಬೇಡಿ, ಸಾರು ಬಿಸಿಮಾಡಿಕೊಳ್ಳಿ ಎಂದಷ್ಟೇ ಹೇಳಿದ್ದರು. ನಾನು, ಪ್ರೀತಾ ಫೋನಿನ ಎರಡು ಪಕ್ಕ ಕೂತೆವು. ಪಪ್ಪ ಅನಾಥರಿಗಾಗಿ ಒಪ್ಪಿಸಿದರು. ಪ್ರೀತಾ ನಾಯಿಮರಿಗಾಗಿ ಒಪ್ಪಿಸಿದಳು. ನನ್ನ ಸರದಿ ಬಂತು. ಏನೋ ಒಂದು ಹೇಳಲು ಬಾಯಿ ತೆರೆದೆ, ಬೇರೆಯೇ ಬಂತು.

"ಪಪ್ಪ, ಬಂದ್ಬಿಡಿ. ನಮಗೆ ನೀವು ಬೇಕು."

ಲೈನ್ ಹೋಯಿತೇನೋ ಎಂದು ಪ್ರೀತಾ ಫೋನಿಗೆ ಕಿವಿ ಕೊಟ್ಟಳು. ಆಮೇಲೆ ಪಪ್ಪ ಮೆಲ್ಲಗೆ ಹೇಳಿದರು:

"ಅದನ್ನು ಮಾತೆಗೆ ಹೇಳ್ಬೇಕು ಮಗಾ, ನನಗಲ್ಲ."

ಶಾಂತಿಗಾಗಿ ಎಂದೇನೋ ತೊದಲಿ ರಹಸ್ಯ ಮುಗಿಸಿದೆ. ಮಮ್ಮಿಗೆ ಹೇಳಬೇಡ ಎಂದು ಪ್ರೀತಾಳಿಂದ ಮಾತು ತೆಗೆದುಕೊಂಡೆ. ಅವಳು ಅದನ್ನು ಉಳಿಸಿಕೊಂಡಳು, ಬಹುಶಃ ಮರೆತೇಬಿಟ್ಟಳು.

ಕ್ರಿಸ್ಮಸ್‌ಗೆ ಮೊದಲು ಪಪ್ಪ ಬಂದರು. ಎರಡು ಸೂಟ್‌ಕೇಸು, ಪ್ಲಾಸ್ಟಿಕ್ ಹೊದಿಸಿದ ಕರಿ ಕೋಟು. ಇನ್ನೂ ಎರಡು ಪೇಪರ್ ಬಾಕಿ ಇದ್ದವು, ಅವು ಬಾಕಿಯೇ ಉಳಿದವು. ಯಾಕೆ ಬಂದಿರಿ ಎಂದು ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಪರೀಕ್ಷೆಯಲ್ಲಿ ನಪಾಸಾಗಿರಬೇಕೆಂದು ನಾನು ಅಂದುಕೊಂಡೆ. ನನ್ನ ಮಾತಿಗೆ ಬಂದಿರಲಾರರು, ಅದನ್ನು ಅವರು ಫೋನಿನಲ್ಲೇ ಹಿಂದಿರುಗಿಸಿದ್ದರಲ್ಲ. ಮಮ್ಮಿಯದು ಬೇರೆ ಕಥೆ. ಚರ್ಚಿನ ಆಂಟಿಯರಿಗೆಲ್ಲ ಅದನ್ನು ಹೇಳುವಾಗ ಅವರ ಮುಖ ನೋಡಬೇಕಿತ್ತು.

"ನಾನು ಕರೀಲಿಲ್ಲ, ಯಾರೂ ಕರೀಲಿಲ್ಲ. ಓದೋದನ್ನೂ ಬಿಟ್ಟು ತಾವಾಗೇ ಬಂದ್ಬಿಟ್ರು ಕಣ್ರೀ."

ಪಪ್ಪ ಸರ್ವೋದಲ್ಲಿ ಕೆಲಸ ಮಾಡಿದರು, ಆಮೇಲೆ ಪ್ರಾಸ್ಪೆಕ್ಟ್ ರಸ್ತೆಯ ಇಂಡಿಯನ್ ದಿನಸಿ ಅಂಗಡಿಯಲ್ಲಿ. ಅಲ್ಲೇ ಹತ್ತಿರ ಮನೆ ಮಾಡಿದೆವು, ಮರಿಯಮ್ಮ ಫ್ರಿಜ್ಜಿನಿಂದ ಇಳಿದು ಪೀಠಕ್ಕೆ ಬಂದಳು, ಕುಚ್ಚಲಕ್ಕಿಯ ಜಗಳ ಮತ್ತೆ ಶುರುವಾಯಿತು.

ನಾನು ಕಾನೂನು ಓದಿದೆ. ಕೋಟಿನ ತೋಳಿನಲ್ಲಿ ಕೈ ಹಾಕಿದ್ದಕ್ಕೋ, ಪಪ್ಪ ಬಿಟ್ಟದ್ದನ್ನು ಮುಗಿಸಲೆಂದೋ, ಕೇಳಿದವರಿಗೆ ಒಂದೊಂದು ಸಲ ಒಂದೊಂದು ಕಾರಣ ಹೇಳಿದ್ದೇನೆ. ಲಂಡನ್ನಿಗೆ ಹೋಗಿ ಬ್ಯಾರಿಸ್ಟರ್ ಆದೆ, ಮದುವೆಯಾಗಿ ಅಲ್ಲೇ ನಿಂತೆ, ಪಕ್ಷ ಸೇರಿದೆ. ನನ್ನನ್ನು ಸಂಸತ್ತಿನ ಚುನಾವಣೆಗೆ ಅಭ್ಯರ್ಥಿಯಾಗಿ ಆರಿಸಲು ಕೂತವರು ನೀನು ಎಲ್ಲಿಯವಳು ಎಂದು ಕೇಳಿದಾಗ ಮಸ್ಕತ್, ಪರ್ತ್, ಬ್ರಿಸ್ಬೇನ್, ಅಡಿಲೇಡ್ ಎಂದು ಹೇಳುವಷ್ಟರಲ್ಲಿ ಅವರೇ ಸುಸ್ತಾದರು. ಹೇಗೋ ಗೆದ್ದೆ, ಕಿರಿಯ ಸಚಿವೆಯಾದೆ, ಸ್ವಲ್ಪ ದೊಡ್ಡ ಸಚಿವೆಯೂ ಆದೆ. ಸದನದಲ್ಲಿ ನಾನು ಚೆನ್ನಾಗಿ ಮಾತಾಡುತ್ತೇನೆ ಎಂದು ಬರೆದವರು ಅದನ್ನು ಕೋರ್ಟಿನ ಅನುಭವ ಎಂದರು. ಅಲ್ಲ. ಬ್ರಿಟನ್ನಿನ ಸಂಸತ್ತಿನಲ್ಲಿ ಎದುರು ಬೆಂಚಿನವರನ್ನು ನೇರವಾಗಿ 'ನೀವು' ಎನ್ನುವಂತಿಲ್ಲ. ಏನಿದ್ದರೂ ಸ್ಪೀಕರ್‌ಗೆ ಹೇಳಬೇಕು, ಎದುರಿನವರು ಅದನ್ನು ಕೇಳಿಸಿಕೊಂಡು ಉರಿಯಬೇಕು. ಹೊಸ ಸದಸ್ಯರು ಇದಕ್ಕೆ ತಡವರಿಸುತ್ತಾರೆ. ನಾನು ಮೊದಲ ದಿನವೇ ಎದ್ದು ನಿಂತು, ಸ್ಪೀಕರ್ ಮುಖ ನೋಡುತ್ತ, ಎದುರಿನವರ ಮನಸ್ಸನ್ನು ದೇವರು ತೆರೆಯಲಿ ಎಂಬ ಧಾಟಿಯಲ್ಲೇ ಶುರುಮಾಡಿದೆ. ಚರ್ಚೆಯ ಕೊನೆಯ ಮಾತು ಸಚಿವರದೆಂದು ಗೊತ್ತಾದಾಗ ಐದನೆಯ ರಹಸ್ಯ ನೆನಪಾಗಿ ನಗು ಬಂತು. ಆದರೆ ಮನೆಯಲ್ಲಿದ್ದ ಗೊಂದಲ ಅಲ್ಲಿಗೂ ಬಂತು. ಇಷ್ಟು ಮರ್ಯಾದೆಯಿಂದ ಆಡುವ ಮಾತಿನಲ್ಲಿ ಯಾರು ಯಾವುದಕ್ಕೆ ಒಪ್ಪಿದರು ಎಂಬುದು ನನಗೆ ಎಷ್ಟೋ ಸಲ ತಿಳಿಯಲಿಲ್ಲ.

ಈ ವರ್ಷ ಸಂಪುಟ ಬದಲಾದಾಗ ನನ್ನ ಹೆಸರು ಬಿಟ್ಟುಹೋಯಿತು. ಬಿಡುವಾಯಿತೆಂದು ಅಡಿಲೇಡ್‌ಗೆ ಬಂದೆ. ಮಮ್ಮಿ ತೀರಿಕೊಂಡ ಮೇಲೆ ಪಪ್ಪ ಪ್ರೀತಾಳ ಜೊತೆ ಅದೇ ಪ್ರಾಸ್ಪೆಕ್ಟ್ ಮನೆಯಲ್ಲಿದ್ದಾರೆ. ಅವಳಿಗೆ ಆ ವಾರ ಸಂಜೆಯ ಕೆಲಸ. ನಾನು, ಪಪ್ಪ ಇಬ್ಬರೇ ಜಪಸರಕ್ಕೆ ಕೂತೆವು. ಮಂಡಿನೋವೆಂದು ಈಗ ಅವರಿಗೆ ಕುರ್ಚಿ. ಒಂದು ಅವರು, ಒಂದು ನಾನು ಎಂದು ಹೇಳಿಸುತ್ತ ಹೋದೆವು. ಐದನೆಯದಕ್ಕೆ ಪಪ್ಪ ಕಣ್ಣು ಮುಚ್ಚಿದರು.

"ಈ ರಹಸ್ಯವನ್ನು ನನ್ನ ಹೆಂಡತಿ ಲಿಲ್ಲಿಯ ಆತ್ಮಕ್ಕೆ ಒಪ್ಪಿಸ್ತೇನೆ. ಮಗುವಿಗೆ ಹೇಳಿಕೊಟ್ಟು ಆವತ್ತು ನನ್ನನ್ನು ಫೋನಿನಲ್ಲಿ ಕರೆಸಿದಳಲ್ಲ, ಆ ಉಪಕಾರಕ್ಕೆ."

ಮಧ್ಯೆ ಬಾಯಿ ಹಾಕುವಂತಿಲ್ಲ. ಹತ್ತು ಸಲ 'ಸಂತ ಮರಿಯಾ' ಹೇಳುತ್ತ ಹೋದೆ, ತಲೆ ಮಾತ್ರ ಧಿಮ್ಮೆನ್ನುತ್ತಿತ್ತು. ಅಂದರೆ ಪಪ್ಪ ಬಂದದ್ದು ಆ ಮಾತಿಗೆ. ಆದರೆ ಅದು ನನ್ನ ಮಾತೆಂದು ಅಲ್ಲ. ಹೆಂಡತಿ ಬಾಯಿಬಿಟ್ಟು ಕೇಳಲಾರದೆ, ತಾನು ಡ್ಯೂಟಿಗೆ ಹೋಗಿ, ಮಗಳಿಂದ ಹೇಳಿಸಿದಳೆಂದು. ಹೆಂಡತಿ ಕರೆದಳೆಂದು ಪಪ್ಪ ಬಂದರು, ಯಾರೂ ಕರೆಯದೆಯೇ ಬಂದರೆಂದು ಮಮ್ಮಿ ಮೆರೆದರು. ಇಷ್ಟು ವರ್ಷದ ಸಂಸಾರ ಈ ಎರಡರ ಮೇಲೆ ನಡೆದಿತ್ತು. ಸದನಕ್ಕೆ ತಪ್ಪು ಮಾಹಿತಿ ಹೋಗಿದ್ದರೆ ಸಚಿವರು ಮೊದಲ ಅವಕಾಶದಲ್ಲೇ ತಿದ್ದಬೇಕು ಎಂಬ ನಿಯಮವಿದೆ. ಇಲ್ಲಿ ತಿದ್ದಿದರೆ ಈ ಮುದುಕರಿಗೆ ಏನು ಉಳಿಯುತ್ತದೆ? ತಿದ್ದದಿದ್ದರೆ ಮಮ್ಮಿಯ ಮಾತು ಎಲ್ಲಿಗೆ ಹೋಗುತ್ತದೆ? ಜಪಸರ ಮುಗಿದರೂ ನನಗೆ ತೀರ್ಮಾನ ಸಿಕ್ಕಿರಲಿಲ್ಲ. ಬಾಯಿ ಮತ್ತೆ ತಾನಾಗಿ ತೆರೆಯಿತು.

"ಪಪ್ಪ, ಅವತ್ತು ಮಮ್ಮಿ ಹೇಳಿಕೊಟ್ಟಿರ್ಲಿಲ್ಲ. ಅವ್ರಿಗೆ ಗೊತ್ತೇ ಇರ್ಲಿಲ್ಲ. ನಾನೇ ಹೇಳಿದ್ದು."

ಪಪ್ಪ ಜಪಸರವನ್ನು ಡಬ್ಬಿಗೆ ಹಾಕುವುದನ್ನು ನಿಲ್ಲಿಸಿದರು.

"ಹಾಗಾದ್ರೆ ಅವಳು ಕರೆಯಲೇ ಇಲ್ಲ."

"ಇಲ್ಲ. ಯಾರೂ ಕರೀದೆ, ಓದು ಬಿಟ್ಟು ನೀವಾಗೇ ಬಂದ್ರಿ ಅಂತ ಕೊನೇವರೆಗೂ ಎಲ್ಲರ ಹತ್ರ ಹೇಳ್ಕೊಂಡು ಮೆರೀತಿದ್ರು."

"ಹೌದಾ? ನನ್ನತ್ರ ಒಂದು ದಿನ ಹೇಳ್ಲಿಲ್ಲ ಮಾರಾಯ್ತಿ."

"ನೀವೂ ಹೇಳ್ಲಿಲ್ವಲ್ಲ."

ಅವರು ಎದ್ದು ಹೋಗಿ ಮೀನಿನ ಸಾರು ಬಿಸಿಗಿಟ್ಟರು. ನೊಂದರೋ, ಸಂತೋಷಪಟ್ಟರೋ, ಮುಖ ನೋಡಿದರೆ ತಿಳಿಯಲಿಲ್ಲ. ಆ ಮುಖ ನೋಡಿ ನಾನು ಯಾವತ್ತೂ ಏನನ್ನೂ ತಿಳಿದವಳಲ್ಲ. ಮಾಡಿದ್ದು ಸರಿಯೋ ಎಂದು ಚಡಪಡಿಸುತ್ತ ಮಲಗಿದೆ.

ಮರುದಿನ ಸಂಜೆ ಮತ್ತೆ ಪೀಠದ ಮುಂದೆ ಕೂತೆವು. ನಾಲ್ಕು ಮುಗಿದವು. ಪಪ್ಪ ಐದನೆಯದರ ಮಣಿ ಹಿಡಿದು "ಈ ರಹಸ್ಯವನ್ನು" ಎಂದವರು ಅಲ್ಲಿಗೇ ನಿಲ್ಲಿಸಿದರು. ಕಣ್ಣು ಬಿಟ್ಟು, ಕುರ್ಚಿಯನ್ನು ಎಳೆದು ನನ್ನ ಕಡೆ ತಿರುಗಿದರು.

"ಐರಿನ್, ನೀನು ಕರೆದದ್ದಕ್ಕೆ ನಾನು ಬಂದದ್ದು. ಬಂದದ್ದು ಒಳ್ಳೇದಾಯ್ತು."

ಆಮೆನ್ ಅನ್ನಬೇಕೋ, ಬೇರೆ ಏನಾದರೂ ಹೇಳಬೇಕೋ ನನಗೆ ಗೊತ್ತಾಗಲಿಲ್ಲ. ತಮಾಷೆ ಮಾಡಿ ಪಾರಾಗೋಣವೆಂದು, "ಅದನ್ನ ಮಾತೆಗೆ ಹೇಳ್ಬೇಕು ಪಪ್ಪ, ನನಗಲ್ಲ" ಎಂದೆ.

"ಮಾತೆಗೆ ಮೊದಲೇ ಗೊತ್ತುಂಟು," ಎಂದರು ಪಪ್ಪ. "ಗೊತ್ತಿಲ್ಲದೆ ಇದ್ದದ್ದು ನಿನಗೆ."